ಆರು ನಿಮಿಷಕ್ಕೆ 1,750 ರೂಪಾಯಿ

ಸೆಸ್ನಾ 172 ವಿಮಾನದ ಪ್ಯಾನೆಲ್‌ನಲ್ಲಿ ಒಂದು ಪುಟ್ಟ ಮೀಟರ್ ಇರುತ್ತದೆ. ಹಾಬ್ಸ್ ಮೀಟರ್ ಅಂತ ಹೆಸರು. ಆಟೋ ಮೀಟರಿನ ತಮ್ಮ ಅಂದುಕೊಳ್ಳಿ. ಎಂಜಿನ್ ಶುರುವಾದರೆ ಅದೂ ಶುರು. ಗಂಟೆಯನ್ನು ಹತ್ತು ಪಾಲು ಮಾಡಿ ತೋರಿಸುತ್ತದೆ, ಆರು ನಿಮಿಷಕ್ಕೊಮ್ಮೆ ಕೊನೆಯ ಅಂಕಿ ಉರುಳುತ್ತದೆ. ನಾನು ಪೈಲಟ್ ಆಗಲು ಕಲಿತ ಕಡೆ ಹಾರಾಟದ ಗಂಟೆಗೆ 17,500 ರೂಪಾಯಿ. ಅಂದರೆ ಅಂಕಿ ಒಂದು ಸಲ ಉರುಳಿದರೆ 1,750.

ಒಂದು ಬೆಳಿಗ್ಗೆ ರನ್‌ವೇ ಪಕ್ಕ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದೆವು. ಪ್ರಯಾಣಿಕರ ವಿಮಾನವೊಂದು ಇಳಿಯುವುದಿತ್ತು, ಟವರ್‌ನವರು ಕಾಯಿರಿ ಅಂದಿದ್ದರು. ಇನ್‌ಸ್ಟ್ರಕ್ಟರ್ ಆರಾಮಾಗಿ ಆಕಾಶ ನೋಡುತ್ತಾ ಕೂತಿದ್ದರು. ನಾನು ಮೀಟರ್ ನೋಡುತ್ತಿದ್ದೆ. ಮೂರು ಸಲ ಉರುಳಿತು. ಐದು ಸಾವಿರದ ಇನ್ನೂರೈವತ್ತು ರೂಪಾಯಿ, ಚಕ್ರ ಒಂದಿಂಚು ಅಲುಗಿಲ್ಲ. "ಸರ್, ಹೊರಗೆ ನೋಡಿ, ಒಳಗಲ್ಲ" ಅಂದರು. ಅವರಿಗೆ 26 ವರ್ಷ, ನನಗೆ 40. ನಾನು ಅವರನ್ನು ಸರ್ ಅನ್ನುತ್ತಿದ್ದೆ, ಅವರೂ ನನ್ನನ್ನು ಸರ್ ಅನ್ನುತ್ತಿದ್ದರು.

ನನ್ನ ಜೊತೆ ಕಲಿಯುತ್ತಿದ್ದ ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಈ ಮೀಟರ್ ಕಾಣುತ್ತಲೇ ಇರಲಿಲ್ಲ. ಅವರ ಅಪ್ಪಂದಿರು ದುಡ್ಡು ಕಟ್ಟಿದ್ದರು. ಸ್ವಂತ ಸೈಟು ಮಾರಿ ಬಂದವನಿಗೆ ಅದು ಬಿಟ್ಟು ಬೇರೇನೂ ಕಾಣಲ್ಲ.

ಶುರುವಾಗಿದ್ದು 2021ರಲ್ಲಿ. ಸಹಕಾರನಗರದ ಮನೆಯಿಂದಲೇ ಆಫೀಸ್ ಕೆಲಸ. ಸಾಫ್ಟ್‌ವೇರ್ ಟೆಸ್ಟಿಂಗ್, ಹದಿನಾರು ವರ್ಷದ ಅನುಭವ, ಕೈ ಕೆಳಗೆ ಇಪ್ಪತ್ತು ಜನ. ಮೀಟಿಂಗ್‌ಗಳ ನಡುವೆ ಟೆರೇಸಿಗೆ ಹೋದರೆ ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನ ಗುಂಯ್ ಅಂತ ಹೋಗುತ್ತಿತ್ತು. ಚಿಕ್ಕಂದಿನಿಂದ ಕನಸಿತ್ತು ಅಂತೆಲ್ಲ ಹೇಳಲ್ಲ, ಹಾಗೇನೂ ಇರಲಿಲ್ಲ. ಸುಮ್ನೆ ಒಂದು ದಿನ ಗೂಗಲ್ ಮಾಡಿದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಎಲ್ಲರೂ ಸಿಪಿಎಲ್ ಅನ್ನುವುದಕ್ಕೆ, ಕನಿಷ್ಠ ವಯಸ್ಸು 18. ಗರಿಷ್ಠ ಇಲ್ಲ. ಏರ್‌ಲೈನ್‌ನಲ್ಲಿ 65ರವರೆಗೆ ಹಾರಿಸಬಹುದು. ನನಗಾಗ 38. ಮನಸ್ಸಿನಲ್ಲೇ ಕಳೆದು ನೋಡಿದೆ, 27 ಬಂತು. ಆ 27 ನನ್ನ ತಲೆ ಕೆಡಿಸಿತು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದು ವಾರ ಏನೂ ಮಾತಾಡಲಿಲ್ಲ. ಆಮೇಲೆ ನೂರು ಪುಟದ ನೋಟ್‌ಬುಕ್ ತಂದು, ಮಧ್ಯೆ ಗೆರೆ ಎಳೆದು, ಎಡಗಡೆ 'ಕೊಟ್ಟದ್ದು', ಬಲಗಡೆ 'ಹಾರಿದ್ದು' ಅಂತ ಬರೆದಳು. "ರೀ, ದುಡ್ಡು ಪೆನ್ನಲ್ಲಿ ಬರೀತೀನಿ, ಅದು ಹೋದ್ರೆ ಹೋಯ್ತು. ಗಂಟೆ ಪೆನ್ಸಿಲ್‌ನಲ್ಲಿ ಬರೀತೀನಿ. ಲಾಗ್‌ಬುಕ್‌ಗೆ ಸೈನ್ ಬಿದ್ದ ಮೇಲೆ ಪೆನ್ನಲ್ಲಿ ತಿದ್ದೋಣ" ಅಂದಳು. ಲಾಗ್‌ಬುಕ್ ಅಂದರೆ ಹಾರಿದ ಗಂಟೆಗಳ ದಾಖಲೆ ಪುಸ್ತಕ. ಆಗ ನಕ್ಕಿದ್ದೆ.

ತಿಪಟೂರಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ಎಷ್ಟಾಗುತ್ತೋ?" ಐವತ್ತು ಲಕ್ಷದ ಹತ್ತಿರ ಅಂದೆ. "ಅಷ್ಟಕ್ಕೆ ತೋಟ ತಗೋಬಹುದಿತ್ತಲ್ಲೋ" ಅಂದು ಎದ್ದು ಪಂಪ್‌ಸೆಟ್ ಹಾಕಲು ಹೋದರು.

ದುಡ್ಡಿನ ವಿಷಯಕ್ಕೆ ಬರುವ ಮೊದಲು ಒಂದು ಮಾತು. ಯಾರಾದರೂ ಈ ದಾರಿಗೆ ಬರುವುದಿದ್ದರೆ ಮೆಡಿಕಲ್ ಮುಗಿಯುವ ತನಕ ಒಂದು ಪೈಸೆ ಯಾರಿಗೂ ಕಟ್ಟಬೇಡಿ. ಅದರಲ್ಲಿ ಎರಡು ಹಂತ, ಮೊದಲು ಕ್ಲಾಸ್ 2, ಆಮೇಲೆ ಇನ್ನೂ ಕಟ್ಟುನಿಟ್ಟಿನ ಕ್ಲಾಸ್ 1. ಸಿಪಿಎಲ್‌ಗೆ ಬೇಕಾಗಿದ್ದು ಕ್ಲಾಸ್ 1. ನನ್ನದು ಹಳೇ ಏರ್‌ಪೋರ್ಟ್ ರಸ್ತೆಯ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಆಯಿತು. ಕಣ್ಣು, ಕಿವಿ, ಇಸಿಜಿ, ರಕ್ತ, ಟ್ರೆಡ್‌ಮಿಲ್. ಕುರ್ಚಿಯಲ್ಲೇ ಹದಿನಾರು ವರ್ಷ ಕಳೆದ ಮೈ ಅದು. ಹೋಗುವುದಕ್ಕೆ ಮೂರು ತಿಂಗಳ ಮುಂಚೆ ಮನೆ ಹತ್ತಿರ ಶುಗರ್ ನೋಡಿಸಿದೆ, ಗಡಿಯಲ್ಲಿತ್ತು. ರಾತ್ರಿ ಅನ್ನ ಬಿಟ್ಟೆ, ದಿನಾ ಒಂದೂವರೆ ಗಂಟೆ ನಡೆದೆ, ಒಂಬತ್ತು ಕೆಜಿ ಇಳಿಸಿದೆ. 2022ರ ಫೆಬ್ರವರಿಯಲ್ಲಿ ಫಿಟ್ ಅಂತ ಬಂತು. ಇಡೀ ಪ್ರಯಾಣದಲ್ಲಿ ಕಡಿಮೆ ಖರ್ಚಾಗಿ ಜಾಸ್ತಿ ಹೆದರಿಸಿದ್ದು ಇದೇ.

ಕಾಗದಪತ್ರದ ಕೆಲಸವೂ ಇದೆ. ಲೈಸೆನ್ಸ್ ಕೊಡುವ ಸರ್ಕಾರಿ ವಿಮಾನಯಾನ ಸಂಸ್ಥೆ ಡಿಜಿಸಿಎ. ಅದರ ಪರೀಕ್ಷೆ ಬರೆಯಲು ಕಂಪ್ಯೂಟರ್ ನಂಬರ್, ಅಂದರೆ ಅಭ್ಯರ್ಥಿಯ ನೋಂದಣಿ ಸಂಖ್ಯೆ ಬೇಕು. ಅದಕ್ಕೆ ಹತ್ತನೇ ತರಗತಿ, ಪಿಯುಸಿ ಅಂಕಪಟ್ಟಿ ಅಸಲಿ ಅಂತ ಬೋರ್ಡಿನಿಂದಲೇ ಪತ್ರ ಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಎರಡೂ ಕಚೇರಿ ಮಲ್ಲೇಶ್ವರದಲ್ಲೇ ಇರುವುದು ಪುಣ್ಯ. ಕೌಂಟರಿನಲ್ಲಿದ್ದವರು ನನ್ನ 2001ರ ಅಂಕಪಟ್ಟಿ ತಿರುಗಿಸಿ ನೋಡಿ, "ಮಗನದು ತಂದಿಲ್ವಾ ಸಾರ್?" ಅಂದರು.

ಈಗ ದುಡ್ಡು. ಮೊದಲು ಬ್ಯಾಂಕಿಗೆ ಹೋದೆ, ಶಿಕ್ಷಣ ಸಾಲ ಕೇಳೋಣ ಅಂತ. ಅಧಿಕಾರಿ ಒಳ್ಳೆಯವರು, ಫಾರ್ಮ್ ತೆಗೆದು ಒಂದೊಂದೇ ಕೇಳಿದರು. ವಿದ್ಯಾರ್ಥಿಯ ಹೆಸರು? ಹೇಳಿದೆ. ಸಹ ಅರ್ಜಿದಾರರು, ಅಂದರೆ ತಂದೆ ಅಥವಾ ತಾಯಿ? ನಾನು ಸುಮ್ಮನಾದೆ. ತಂದೆಗೆ 71, ಆದಾಯ ತೆಂಗಿನ ಮರದ ಮೇಲಿದೆ ಅಂದೆ. ಅವರೂ ನಕ್ಕರು, ನಾನೂ ನಕ್ಕೆ. ಫಾರ್ಮ್ ವಾಪಸ್ ಡ್ರಾಯರ್‌ಗೆ ಹೋಯಿತು. ಮನೆ ಮೇಲೆ ಸಾಲ ಕೊಡುತ್ತೇವೆ ಅಂದರು. ಮನೆ ಮೇಲೆ ಆಗಲೇ ಒಂದು ಸಾಲ ಇತ್ತು.

ಕೊನೆಗೆ ನೆಲಮಂಗಲ ಕಡೆ 2010ರಲ್ಲಿ ಕೊಂಡಿದ್ದ ಸೈಟು ಮಾರಿದೆ, 34 ಲಕ್ಷ ಬಂತು. ಮಾರ್ಚಿನಲ್ಲಿ ಕೆಲಸ ಬಿಟ್ಟೆ. ಆಗಿನ ನಿಯಮದಂತೆ ಎರಡು ತಿಂಗಳು ಕಾದು ಪಿಎಫ್ ಪೂರ್ತಿ ತೆಗೆದೆ, 11 ಲಕ್ಷ. ಭಾವಮೈದುನ ಬಡ್ಡಿ ಇಲ್ಲದೆ 5 ಲಕ್ಷ ಕೊಟ್ಟ. ಒಟ್ಟು 50. ಮನೆ ಖರ್ಚು, ಕಂತು, ಮಗಳ ಸ್ಕೂಲ್ ಫೀಸು ಎಲ್ಲ ಹೆಂಡತಿಯ ಸಂಬಳದಲ್ಲಿ. ಇದನ್ನು ಒಂದೇ ಸಾಲಿನಲ್ಲಿ ಬರೆದುಬಿಟ್ಟೆ, ಅವಳು ಮೂರು ವರ್ಷ ನಡೆಸಿದ್ದು ಇದು.

ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಪಾಸಾಗಲು ನೂರಕ್ಕೆ 70 ಬೇಕು. ನ್ಯಾವಿಗೇಷನ್‌ನಲ್ಲಿ ಮೊದಲ ಸಲ 66 ಬಂತು. ಮಗಳಿಗೆ ಆ ವಾರ ಗಣಿತದಲ್ಲಿ 68 ಬಂದಿತ್ತು, ಅವಳು ಫ್ರಿಜ್ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದು ಅಂಟಿಸಿದಳು. ರೇಡಿಯೋ ಪರೀಕ್ಷೆ ಬೇರೆ ಇದೆ, ಆರ್‌ಟಿಆರ್ ಅಂತ. ಅದಕ್ಕೆ ಅಡುಗೆಮನೆಯಲ್ಲಿ ನಿಂತು ಆಲ್ಫಾ, ಬ್ರಾವೋ, ಚಾರ್ಲಿ ಅಂತ ಕೂಗುತ್ತಿದ್ದೆ. ಮೆಟಿಯರಾಲಜಿ ಮಾತ್ರ ಖುಷಿ ಕೊಟ್ಟಿತು. ಏಪ್ರಿಲ್ ಸಂಜೆ ಬೆಂಗಳೂರಿನ ಮೇಲೆ ಏಳುವ ಆ ಕಪ್ಪು ಮೋಡದೊಳಗೆ ಗಾಳಿ ಏನೇನು ಮಾಡುತ್ತೆ ಅಂತ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಕೈ ಸುಟ್ಟುಕೊಂಡಿದ್ದು ಆಮೇಲೆ.

ಮೊದಲು ಸೇರಿದ ಶಾಲೆಯ ಹೆಸರು, ಊರು ಬರೆಯಲ್ಲ. ಬೇರೆ ರಾಜ್ಯದ್ದು. 2022ರ ಸೆಪ್ಟೆಂಬರಿನಲ್ಲಿ ನೋಡಲು ಹೋದಾಗ ಆರು ವಿಮಾನ ಸಾಲಾಗಿ ನಿಂತಿದ್ದವು, ತೊಳೆದು ಒರೆಸಿ ಫಳಫಳ ಅಂತಿದ್ದವು. ಹನ್ನೆರಡು ತಿಂಗಳಲ್ಲಿ ಲೈಸೆನ್ಸ್ ಕೈಯಲ್ಲಿ ಅಂದರು. ಮೊದಲ ಕಂತು ಒಟ್ಟಿಗೆ 18 ಲಕ್ಷ ಕಟ್ಟಿದರೆ ಕೊನೆಯಲ್ಲಿ 2 ಲಕ್ಷ ಬಿಡುತ್ತೇವೆ ಅಂದರು. ಹದಿನಾರು ವರ್ಷ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿದವನು ನಾನು. ಆರು ವಿಮಾನ ಎಣಿಸಿದೆ. ಅದರಲ್ಲಿ ಎಷ್ಟು ಹಾರುತ್ತವೆ ಅಂತ ಕೇಳಲಿಲ್ಲ.

ಹಾರುತ್ತಿದ್ದವು ಎರಡು. ವಿದ್ಯಾರ್ಥಿಗಳು ನಲವತ್ತು ಚಿಲ್ಲರೆ. ಸಣ್ಣ ವಿಮಾನದ ಲೆಕ್ಕ ಹೀಗಿದೆ: ನೂರು ಗಂಟೆ ಹಾರಿದರೆ ಒಮ್ಮೆ ಬಿಚ್ಚಿ ನೋಡಬೇಕು, ಎಂಜಿನ್ ಎರಡು ಸಾವಿರ ಗಂಟೆ ಆದ ಮೇಲೆ ಪೂರ್ತಿ ಓವರ್‌ಹಾಲ್‌ಗೆ ಹೋಗಬೇಕು. ಬದಲಿ ಎಂಜಿನ್ ಇಟ್ಟುಕೊಂಡವರ ವಿಮಾನ ಬೇಗ ವಾಪಸ್ ಹಾರುತ್ತೆ. ಇಲ್ಲದವರದ್ದು ತಿಂಗಳುಗಟ್ಟಲೆ ನಿಲ್ಲುತ್ತೆ. ಹ್ಯಾಂಗರಿನ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ ಒಂದು ಸೆಸ್ನಾ ಮೂತಿಗೆ ನೀಲಿ ಟಾರ್ಪಾಲ್ ಕಟ್ಟಿಕೊಂಡು ನಿಂತಿತ್ತು. ಒಂದು ದಿನ ಟಾರ್ಪಾಲ್ ಎತ್ತಿ ನೋಡಿದೆ. ಒಳಗೆ ಎಂಜಿನ್ನೇ ಇಲ್ಲ. ಎಂಜಿನ್ ಕೂರಬೇಕಾದ ಕಡೆ ಪಾರಿವಾಳ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು. ನಾನು ಮೊದಲ ಸಲ ನೋಡಿದ ದಿನ ಫಳಫಳ ಅಂತಿದ್ದ ಆರರಲ್ಲಿ ಇದೂ ಒಂದು.

ಏಳು ತಿಂಗಳಲ್ಲಿ ನಾನು ಹಾರಿದ್ದು 22 ಗಂಟೆ. ಸಿಪಿಎಲ್‌ಗೆ ಬೇಕಾಗಿದ್ದು 200. ರಾತ್ರಿ ಫೋನಿನಲ್ಲಿ ಹೆಂಡತಿ ಕೇಳುತ್ತಿದ್ದಳು, "ಇವತ್ತು ಬಲಗಡೆ ಏನಾದ್ರೂ ಇದ್ಯಾ?" ಇಲ್ಲ ಅನ್ನುತ್ತಿದ್ದೆ. ಒಂದು ಭಾನುವಾರ ಅವಳು ಬೇರೆ ಲೆಕ್ಕ ಹೇಳಿದಳು. ಇದೇ ವೇಗದಲ್ಲಿ ಹೋದರೆ ಮುಗಿಯಲು ಐದು ವರ್ಷ. ಆಗ ನಿಮಗೆ 45. 27 ಅಂತ ಶುರು ಮಾಡಿದ್ದು 20 ಆಗುತ್ತೆ. ಆಮೇಲೂ ಕೆಲಸ ಹುಡುಕಬೇಕು.

ಇಪ್ಪತ್ತರ ಹುಡುಗನಿಗೆ ಎರಡು ವರ್ಷ ಹೋದರೆ ಬೇಜಾರು, ಅಷ್ಟೇ. ನನಗೆ ಹೋಗುವುದು ಒಬ್ಬ ಪೈಲಟ್‌ನ ಎರಡು ವರ್ಷದ ಸಂಬಳ. ಗಂಟೆಗೆ ಎಷ್ಟು ಅಂತ ಹತ್ತು ಶಾಲೆಗಳಲ್ಲಿ ವಿಚಾರಿಸಿದ್ದೆ. ತಿಂಗಳಿಗೆ ಎಷ್ಟು ಗಂಟೆ ಅಂತ ಒಂದು ಕಡೆಯೂ ವಿಚಾರಿಸಿರಲಿಲ್ಲ. ಅಗ್ಗದ ಗಂಟೆ ತಿಂಗಳಿಗೆ ಮೂರೇ ಸಿಕ್ಕರೆ ಅದು ದುಬಾರಿ ಗಂಟೆ. ಇದು ನನಗೆ ಅರ್ಥವಾಗಲು 9 ಲಕ್ಷ ಆಯಿತು. 18ರಲ್ಲಿ 9 ವಾಪಸ್ ಬಂದದ್ದೂ ಸುಲಭಕ್ಕಲ್ಲ. ಕಟ್ಟಿದ ಹಣ ಮರಳಿಸುವುದಿಲ್ಲ ಅಂತ ಒಪ್ಪಂದದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರ ಓದದೆ ಸಹಿ ಹಾಕಿದ್ದು ನಾನೇ. ಇಮೇಲ್, ವಕೀಲರ ನೋಟಿಸ್, ಐದು ತಿಂಗಳ ಓಡಾಟ. ಉಳಿದ 9ರಲ್ಲಿ 22 ಗಂಟೆಯ ಹಾರಾಟ, ಹಾಸ್ಟೆಲ್ಲು, ನೋಂದಣಿ, ಗ್ರೌಂಡ್ ಕ್ಲಾಸ್ (ಪರೀಕ್ಷೆಯ ಪಾಠ) ಅಂತ ಮುರಿದುಕೊಂಡರು. ಆ 22 ಗಂಟೆ ಮಾತ್ರ ಲಾಗ್‌ಬುಕ್‌ನಲ್ಲಿ ಸಹಿ ಸಮೇತ ಉಳಿಯಿತು. ಶಾಲೆ ಬದಲಾದರೂ ಹಾರಿದ ಗಂಟೆ ನಮ್ಮದೇ.

ಅದೇ ಸಮಯದಲ್ಲಿ, 2023ರ ಮೇ ತಿಂಗಳಲ್ಲಿ, ಗೋ ಫಸ್ಟ್ ಏರ್‌ಲೈನ್ ಹಾರಾಟ ನಿಲ್ಲಿಸಿತು. ಅದರ ಪೈಲಟ್‌ಗಳು, ಟೈಪ್ ರೇಟಿಂಗ್, ಅಂದರೆ ಇಂಥದೇ ಮಾದರಿಯ ವಿಮಾನ ಹಾರಿಸುವ ಅರ್ಹತೆ ಇದ್ದವರು, ಸಾವಿರಾರು ಗಂಟೆ ಹಾರಿಸಿದವರು, ಕೆಲಸ ಹುಡುಕುತ್ತಿದ್ದರು. ಅದೇ ವರ್ಷ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟವು. ಪೇಪರಿನಲ್ಲಿ ಎರಡೂ ಸುದ್ದಿ ಓದಿ ಬೆಳಿಗ್ಗೆ ಧೈರ್ಯ, ರಾತ್ರಿ ಭಯ.

2023ರ ಅಕ್ಟೋಬರಿನಲ್ಲಿ ಕಲಬುರಗಿಗೆ ಹೋದೆ. ನಮ್ಮ ರಾಜ್ಯದಲ್ಲಿ ಈಗ ಬೆಳಗಾವಿ, ಕಲಬುರಗಿ ಎರಡೂ ಕಡೆ ವಿಮಾನ ನಿಲ್ದಾಣದಲ್ಲೇ ತರಬೇತಿ ಶಾಲೆಗಳಿವೆ. ಬೆಳಗಾವಿಯಲ್ಲಿ ಮಳೆಗಾಲ ಜೋರು, ಮೋಡ ಕೆಳಗಿಳಿದರೆ ದಿನಗಟ್ಟಲೆ ಹ್ಯಾಂಗರಿನಲ್ಲೇ ಕೂರಬೇಕು. ಕಲಬುರಗಿಯಲ್ಲಿ ಬಿಸಿಲು. ಬಿಸಿಲಾದರೆ ಬೆಳಿಗ್ಗೆ ಬೇಗ ಹೋಗಬಹುದು ಅಂತ ಕಲಬುರಗಿ ಆರಿಸಿಕೊಂಡೆ. ಈ ಸಲ ಮೊದಲ ದಿನ ನಾನು ವಿಮಾನ ನೋಡಲಿಲ್ಲ. ಕ್ಯಾಂಟೀನಿನಲ್ಲಿ ಕೂತು ಹುಡುಗರಿಗೆ ಚಹಾ ಕುಡಿಸಿ ಅವರ ಲಾಗ್‌ಬುಕ್ ನೋಡಿದೆ. ಹೋದ ತಿಂಗಳು ನಿಂದು ಎಷ್ಟು, ಅದರ ಹಿಂದಿನ ತಿಂಗಳು ಎಷ್ಟು? ಒಬ್ಬನದು 14, ಇನ್ನೊಬ್ಬನದು 11. ಅಷ್ಟು ಸಾಕು ಅನ್ನಿಸಿತು. ಆಫೀಸಿನಲ್ಲಿ ನನ್ನ ಷರತ್ತು ಒಂದೇ, ಇಪ್ಪತ್ತು ಗಂಟೆಗೆ ಒಮ್ಮೆ ಕಟ್ಟುತ್ತೇನೆ, ಅದು ಮುಗಿದ ಮೇಲೆ ಮುಂದಿನದು. ರಿಯಾಯಿತಿ ಬೇಡ. ಅವರು ಒಪ್ಪಿದರು. ಬೇರೆಯವರು ಒಪ್ಪುತ್ತಾರೋ ಇಲ್ಲವೋ, ಕೇಳುವುದಕ್ಕೇನು ನಷ್ಟ?

(ಕೊಟೇಷನ್ನಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಪ್ರಶ್ನೆ ಮಾಡಿ. ಡಿಜಿಸಿಎ ಒಪ್ಪಿಗೆ ಇರುವ ಶಾಲೆಗಳ ಅನುಮೋದಿತ ಕೋರ್ಸಿಗೆ ಅದು ಅನ್ವಯಿಸಲ್ಲ ಅಂತ 2024ರಲ್ಲಿ ಸ್ಪಷ್ಟಪಡಿಸಿದ್ದಾರೆ.)

ರೂಮು ಸಿಕ್ಕಿದ್ದು ಒಬ್ಬ ಅಜ್ಜಿಯ ಮನೆಯ ಮಹಡಿ ಮೇಲೆ. ಊಟ ಸೇರಿ ಎಲ್ಲ ಖರ್ಚು ತಿಂಗಳಿಗೆ 14 ಸಾವಿರದೊಳಗೆ. "ಈ ವಯಸ್ಸಿನಾಗ ಇಮಾನ ಕಲಿಲಾಕ ಬಂದೀರೇನ್ರೀ ಸರ?" ಅಂತ ಮೊದಲ ದಿನ ಕೇಳಿದರು. ಹೌದಮ್ಮ ಅಂದೆ. ಬೆಳಿಗ್ಗೆ ಐದಕ್ಕೆ ಹೊರಡುವಾಗ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದರು. ಹಾರಿ ಬಂದ ಮೇಲೆ ಒಂದೇ ಪ್ರಶ್ನೆ, "ಇವತ್ತ ಬೀಳಲಿಲ್ಲಲ್ಲ?"

ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಹಾರುವುದು ಕಷ್ಟ. ಕರಿ ಭೂಮಿ ಕಾದು ಬಿಸಿಗಾಳಿ ಮೇಲೇಳುತ್ತೆ, ವಿಮಾನ ಕಚ್ಚಾ ರಸ್ತೆಯ ಟಂಟಂ ಥರ ಕುಣಿಯುತ್ತೆ. ಬಿಸಿಯಾದ ಗಾಳಿ ತೆಳು, ಹಾಗಾಗಿ ಮೇಲೇಳಲು ಜಾಸ್ತಿ ದೂರ ಓಡಬೇಕು. ಸದ್ಯ, ಕಲಬುರಗಿ ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ. ಮೊದಲ ತಿಂಗಳು ನನ್ನ ಲ್ಯಾಂಡಿಂಗ್ ಎಲ್ಲ ಕಪ್ಪೆ ಹಾರಿದ ಹಾಗೆ. ಹುಡುಗರು ಹತ್ತು ಗಂಟೆಯಲ್ಲಿ ಹಿಡಿದದ್ದು ನನಗೆ ಹದಿನಾರು ಗಂಟೆ ಹಿಡಿಯಿತು. ವಯಸ್ಸಿಗೆ ಇದೂ ಒಂದು ದಂಡ, ಆರು ಗಂಟೆ ಅಂದರೆ 1,05,000 ರೂಪಾಯಿ. ನನ್ನ ತೊಂದರೆ ಏನು ಅಂತ ಇನ್‌ಸ್ಟ್ರಕ್ಟರ್ ಒಂದು ದಿನ ಕಂಡುಹಿಡಿದರು. ನೆಲ ಹತ್ತಿರ ಬಂದ ಕೂಡಲೇ ನಾನು ವಿಮಾನದ ಮೂಗಿನ ಮುಂದಿರುವ ರನ್‌ವೇಯನ್ನೇ ನೋಡುತ್ತಿದ್ದೆ. ದೂರದ ಕೊನೆಯನ್ನು ನೋಡಬೇಕಿತ್ತು. ಮರುದಿನ ಅವರು ಹಾಬ್ಸ್ ಮೀಟರಿಗೆ ಚಿಕ್ಕ ಹಳದಿ ಚೀಟಿ ಅಂಟಿಸಿ ಮುಚ್ಚಿಬಿಟ್ಟರು. ಅವತ್ತು ಮೂರು ಲ್ಯಾಂಡಿಂಗ್ ಮೆತ್ತಗೆ ಕೂತವು. ನಾಲ್ಕನೆಯದಾದ ಮೇಲೆ ವಿಮಾನ ನಿಲ್ಲಿಸಿ ಅಂದರು, ಬಾಗಿಲು ತೆಗೆದು ಇಳಿದರು, "ಒಂದು ಸುತ್ತು, ಒಬ್ಬರೇ" ಅಂದರು.

ಅವರ ಭಾರ ಇಳಿದಿದ್ದಕ್ಕೆ ವಿಮಾನ ಕಾಗದದ ಹಾಗೆ ಎದ್ದಿತು. ಬಲಗಡೆಯ ಖಾಲಿ ಸೀಟಿನಲ್ಲಿ ಬೆಲ್ಟ್ ಮಾತ್ರ ಕಟ್ಟಿತ್ತು. ಕೆಳಗೆ ತೊಗರಿ ಹೊಲ. ನನ್ನ ಗಂಟಲು ಒಣಗಿ ರೇಡಿಯೋದಲ್ಲಿ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಎಷ್ಟು ದುಡ್ಡಾಯಿತು ಅಂತ ಆ ಸುತ್ತಿನಲ್ಲಿ ಒಂದು ಸಲವೂ ನೆನಪಾಗಲಿಲ್ಲ. ಕೆಳಗಿಳಿದ ಮೇಲೆ ಚೀಟಿ ಎತ್ತಿ ನೋಡಿದೆ ಅನ್ನಿ.

ದೊಡ್ಡ ಪ್ರಯಾಣ ಅಂದರೆ ಕನಿಷ್ಠ 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ. ಒಬ್ಬನೇ ಹೋಗಿ ಬೇರೆ ಎರಡು ನಿಲ್ದಾಣದಲ್ಲಿ ಇಳಿದು ಬರಬೇಕು. ನನ್ನದು ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೆಳಗಾವಿ, ಅಲ್ಲಿಂದ ಹುಬ್ಬಳ್ಳಿ, ವಾಪಸ್ ಕಲಬುರಗಿ. ಎಡಗಡೆ ದೂರದಲ್ಲಿ ಆಲಮಟ್ಟಿ ಹಿನ್ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಮೀಟರ್ 3.7 ತೋರಿಸಿತು. ಆ ಒಂದು ದಿನದ ಖರ್ಚು 64,750 ರೂಪಾಯಿ. ಬಸ್ಸಿನಲ್ಲಿ ಎಷ್ಟಾಗುತ್ತಿತ್ತು ಅಂತ ಅಪ್ಪ ಕೇಳಿದರು.

2025ರ ಫೆಬ್ರವರಿಯಲ್ಲಿ 200 ತುಂಬಿತು. ನೋಟ್‌ಬುಕ್ಕಿನ ಎಡಗಡೆ ಹೀಗಿದೆ. ಮೊದಲ ಶಾಲೆ 9 ಲಕ್ಷ. ಕಲಬುರಗಿಯಲ್ಲಿ ಒಂದೇ ಎಂಜಿನ್ನಿನ ವಿಮಾನದಲ್ಲಿ 163 ಗಂಟೆ, 28,52,500. ಎರಡು ಎಂಜಿನ್ನಿನದರಲ್ಲಿ 15 ಗಂಟೆ, ಗಂಟೆಗೆ 45 ಸಾವಿರದಂತೆ 6,75,000. ಗ್ರೌಂಡ್ ಕೋಚಿಂಗ್ 2,20,000. ಪರೀಕ್ಷೆ, ಮೆಡಿಕಲ್, ಓಡಾಟ 85 ಸಾವಿರ. ಹದಿನಾರು ತಿಂಗಳ ರೂಮು, ಊಟ 2,24,000. ಒಟ್ಟು 49,56,500. ಐವತ್ತರಲ್ಲಿ ಉಳಿದದ್ದು 43,500. ಬಿಟ್ಟ ಕೆಲಸದ ಸಂಬಳವನ್ನು ಅವಳು ಬರೆದಿಲ್ಲ. ಬರೆಯಬೇಡ ಅಂತ ನಾನೇ ಕೇಳಿಕೊಂಡೆ.

ಲೈಸೆನ್ಸ್ ಬಂದರೆ ಕೆಲಸ ಬಂತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಏರ್‌ಬಸ್ 320ನೋ ಎಟಿಆರ್ ವಿಮಾನವೋ ಹಾರಿಸಬೇಕಾದರೆ ಅದಕ್ಕೇ ಟೈಪ್ ರೇಟಿಂಗ್ ಬೇಕು, ಸಿಮ್ಯುಲೇಟರಿನಲ್ಲಿ ಕಲಿಯಬೇಕು. ನನಗೆ ಹೇಳಿರುವ ಲೆಕ್ಕ 16 ಲಕ್ಷ. ಬರೀ 2023ರಲ್ಲೇ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿದೆ. ಆ ಸಾಲಿನಲ್ಲಿ ನಾನು ಬಹುಶಃ ಎಲ್ಲರಿಗಿಂತ ಹಿರಿಯ. ಸದ್ಯಕ್ಕೆ ಮನೆಯಿಂದಲೇ ಅರ್ಧ ದಿನ ಹಳೇ ಟೆಸ್ಟಿಂಗ್ ಕೆಲಸ, ಉಳಿದರ್ಧ ಏರ್‌ಲೈನ್ ಪರೀಕ್ಷೆಗೆ ಓದು. ತಿಪಟೂರಿನಲ್ಲಿ ಕೊಬ್ಬರಿ 2025ರಲ್ಲಿ ಕ್ವಿಂಟಾಲ್‌ಗೆ 20 ಸಾವಿರ ದಾಟಿತು. ಅಪ್ಪ ಫೋನ್ ಮಾಡಿ ರೇಟು ಹೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, "ಮತ್ತೆ?" ಅಂದರು. ನಾನು ಏನೂ ಕೇಳಲಿಲ್ಲ.

ಹೋದ ವಾರ ಮತ್ತೆ ಬ್ಯಾಂಕಿನಿಂದ ಫಾರ್ಮ್ ತಂದೆವು, ಈ ಸಲ ಮನೆ ಮೇಲಿನ ಸಾಲಕ್ಕೆ. ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬಿದೆವು. ಸಹ ಅರ್ಜಿದಾರರು ಅನ್ನುವ ಕಡೆ ಅವಳು ತನ್ನ ಹೆಸರು ಬರೆದಳು, ಕೆಳಗೆ ಶಿಕ್ಷಕಿ ಅಂತ ಬರೆದಳು. ಅರ್ಜಿದಾರರ ವೃತ್ತಿ ಅನ್ನುವ ಕಡೆ ಪೆನ್ನು ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಪೆನ್ನು ಮುಚ್ಚಿಟ್ಟು, ಮಗಳ ಪೌಚಿನಿಂದ ಪೆನ್ಸಿಲ್ ತೆಗೆದು 'ಪೈಲಟ್' ಅಂತ ಬರೆದಳು.